ಮನೆಯ ವೈದ್ಯರು

ಉಪ್ಪಲ್ ಪ್ರಾಂತದಲ್ಲಿ ಇಂದು ವೈದ್ಯರಿಗೆ ಕೊರತೆಯಿಲ್ಲ. ಹೃದಯಕ್ಕೊಬ್ಬರು, ಕಣ್ಣಿಗೊಬ್ಬರು, ಮೂಳೆಗೊಬ್ಬರು ಎಂಬಂತೆ ವರಂಗಲ್ ಹೆದ್ದಾರಿಯುದ್ದಕ್ಕೂ ತಜ್ಞರ ಫಲಕಗಳು ಕಾಣುತ್ತವೆ. ಒಂದೇ ದೇಹವನ್ನು ಇಷ್ಟು ಮಂದಿ ಹಂಚಿಕೊಂಡ ಮೇಲೆ ಇಡಿಯ ಮನುಷ್ಯನನ್ನು ನೋಡುವವರು ಯಾರು? ಆ ಕಾರ್ಯ ಮನೆಯ ವೈದ್ಯರದು. ಅವರನ್ನೇ ನಾವು ಫ್ಯಾಮಿಲಿ ಡಾಕ್ಟರ್ ಎನ್ನುತ್ತೇವೆ.

ನಮ್ಮ ಮನೆಯ ಸಂಗತಿಯೊಂದನ್ನೇ ಹೇಳುವೆನು. ನಮ್ಮ ಅಜ್ಜಿಗೆ ಬಹುಕಾಲದಿಂದ ರಕ್ತದೊತ್ತಡ. ಮಂಡಿನೋವಿಗೆಂದು ತಜ್ಞರೊಬ್ಬರಲ್ಲಿಗೆ ಹೋದಾಗ ಅವರು ನೋವಿನ ಮಾತ್ರೆ ಬರೆದುಕೊಟ್ಟರು. ಹಳೆಯ ಮಾತ್ರೆಗಳ ವಿಷಯವನ್ನು ಅಜ್ಜಿ ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಕೆಲವೇ ವಾರಗಳಲ್ಲಿ ಕಾಲುಗಳು ಊದಿಕೊಂಡವು, ಒತ್ತಡವೂ ಏರಿತು. ಆಗ ಮನೆಯ ವೈದ್ಯರು ಔಷಧದ ಚೀಲವನ್ನೇ ಮೇಜಿನ ಮೇಲೆ ಸುರಿದು, ಒಂದೊಂದು ಹೆಸರನ್ನೂ ಓದಿದರು. ಐಬುಪ್ರೊಫೆನ್ ಜಾತಿಯ ಮಾತ್ರೆಗಳು ದೇಹದಲ್ಲಿ ಉಪ್ಪನ್ನೂ ನೀರನ್ನೂ ತಡೆದಿಡುತ್ತವೆ. ಒತ್ತಡದ ಔಷಧದ ಬಲವನ್ನು ಕುಗ್ಗಿಸುತ್ತವೆ. ಮೂತ್ರಪಿಂಡಗಳಿಗೂ ಹಾನಿ ಮಾಡಬಲ್ಲವು. ಚೀಲದಲ್ಲಿ ಕ್ರೋಸಿನ್ನೂ ಇತ್ತು, ಡೋಲೋವೂ ಇತ್ತು. ಹೆಸರು ಎರಡಾದರೂ ಒಳಗಿರುವುದು ಪ್ಯಾರಾಸಿಟಮಾಲೇ. ಅಳತೆ ಮೀರಿದರೆ ಯಕೃತ್ತಿಗೆ ಅಪಾಯ.

ವೈದ್ಯರು ನೋವಿನ ಮಾತ್ರೆಯನ್ನು ನಿಲ್ಲಿಸಿ, ರಕ್ತಪರೀಕ್ಷೆ ಮಾಡಿಸಿ, ಮೂಳೆತಜ್ಞರಿಗೊಂದು ಪತ್ರ ಬರೆದರು. ನನ್ನ ದೃಷ್ಟಿಯಲ್ಲಿ ಮಾತ್ರೆಗಿಂತ ಆ ಪತ್ರವೇ ದೊಡ್ಡದು. ರೋಗಿಯ ಪೂರ್ವವೃತ್ತಾಂತವನ್ನು ತಜ್ಞರಿಗೆ ತಿಳಿಸುವುದು, ಅವರ ಅಭಿಪ್ರಾಯ ಮರಳಿ ಬಂದಾಗ ಅದನ್ನು ಮನೆಯವರಿಗೆ ಬಿಡಿಸಿ ಹೇಳುವುದು, ಎರಡು ಔಷಧಗಳು ಒಂದಕ್ಕೊಂದು ಎದುರಾಗದಂತೆ ಕಾಯುವುದು, ಇವೆಲ್ಲ ಅದರಲ್ಲಿ ಅಡಗಿವೆ.

ಬ್ರಿಟನ್ನಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಪ್ರಾರಂಭವಾಯಿತು. ಅಲ್ಲಿ ತುರ್ತು ಸಂದರ್ಭವನ್ನುಳಿದು ರೋಗಿಯು ಸಾಮಾನ್ಯವಾಗಿ ತನ್ನ ಮನೆಯ ವೈದ್ಯರ ಮೂಲಕವೇ ತಜ್ಞರಲ್ಲಿಗೆ ಹೋಗುತ್ತಾನೆ. ನಮ್ಮ ದೇಶದಲ್ಲಿ ಆರೋಗ್ಯಸೇವೆಯು ಜನರ ವಸತಿಗೆ ಹತ್ತಿರವಾಗಬೇಕೆಂದು 1946ರಲ್ಲಿ ಭೋರ್ ಸಮಿತಿ ಸೂಚಿಸಿತು. ಹೈದರಾಬಾದಿನಲ್ಲಿ 2018ರಿಂದ ತೆರೆದಿರುವ ಬಸ್ತಿ ದವಾಖಾನೆಗಳು ಆ ದಾರಿಯವೇ. ಅಲ್ಲಿ ತಪಾಸಣೆಯೂ ಔಷಧವೂ ಉಚಿತ. ಆದರೆ ರೋಗಿಯನ್ನು ವರ್ಷಗಟ್ಟಲೆ ಬಲ್ಲ ಒಬ್ಬರೇ ವೈದ್ಯರು ದೊರೆಯುವುದು ಬೇರೆಯ ಭಾಗ್ಯ.

ಕನ್ನಡದ ಮಕ್ಕಳಾದ ನಿಮಗೆ ಇದರಲ್ಲಿ ಪಾಲುಂಟು. ಕಲಬುರಗಿ, ಬೀದರ, ರಾಯಚೂರುಗಳಿಂದ ಬಂದ ಹಿರಿಯರು “ಜೀವಕ್ಕೆ ಆರಾಮಿಲ್ಲ” ಎಂದರೆ ಅದನ್ನು ತೆಲುಗಿನಲ್ಲೋ ಹಿಂದಿಯಲ್ಲೋ ವೈದ್ಯರಿಗೆ ತಿಳಿಸುವವರು ಅನೇಕ ವೇಳೆ ನೀವೇ. ಅವರ ಮಾತನ್ನು ಚಿಕ್ಕದು ಮಾಡಬೇಡಿ. ಎಲ್ಲಿ, ಎಂದಿನಿಂದ, ಏನು ತಿಂದ ಮೇಲೆ ಎಂದು ಕೇಳಿ ಹೇಳಿರಿ. ಒಂದು ನೋಟುಪುಸ್ತಕದಲ್ಲಿ ಅವರ ಮಾತ್ರೆಗಳ ಹೆಸರು, ಪ್ರಮಾಣ, ಒಗ್ಗದ ಔಷಧ, ಹಿಂದಿನ ಶಸ್ತ್ರಚಿಕಿತ್ಸೆ ಇವನ್ನು ಬರೆದಿಡಿರಿ. ನಮ್ಮ ಅಜ್ಜಿಯ ಪುಸ್ತಕಕ್ಕೆ ಈಗ ರಟ್ಟು ಹಾಕಿದ್ದೇವೆ. ಮಾತ್ರೆಯ ಚೀಲದಲ್ಲೇ ಅದರ ವಾಸ.