ನಂದಿದುರ್ಗದ ಬೇಸಗೆಯ ಮನೆಗಳು

ಐತಿಹಾಸಿಕ ವಾಸಗೃಹವೊಂದನ್ನು ಅಭ್ಯಸಿಸುವವರು ಸಾಮಾನ್ಯವಾಗಿ ಅದರ ಒಡೆಯನ ಹೆಸರಿನಿಂದ ಆರಂಭಿಸುತ್ತಾರೆ. ಈ ಕ್ರಮ ತಪ್ಪಲ್ಲ; ಆದರೆ ಅಷ್ಟೇ ಸಾಲದು. ಚಿಕ್ಕಬಳ್ಳಾಪುರದ ಸಮೀಪದ ನಂದಿದುರ್ಗದ ಮೇಲಿರುವ ಎರಡು ಮನೆಗಳನ್ನೂ ಅಲ್ಲಿಯ ಉದ್ಯಾನವನ್ನೂ ಉದಾಹರಣೆಯಾಗಿಟ್ಟುಕೊಂಡು ಇದನ್ನು ವಿವರಿಸಲು ಯತ್ನಿಸುತ್ತೇವೆ.

ಮೊದಲನೆಯದಾಗಿ ನಿವೇಶನವನ್ನು ಗಮನಿಸೋಣ. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನ ಎತ್ತರ ಸುಮಾರು 920 ಮೀಟರ್. ಸಾವಿರ ಮೀಟರ್ ಏರಿದಂತೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುವುದರಿಂದ ಇಲ್ಲಿ ಸೆಕೆ ಮೂರೂವರೆ ಡಿಗ್ರಿಗಳಷ್ಟು ಕಡಮೆ. ಆಳುವವರು ಬೇಸಗೆಯನ್ನು ಕಳೆಯಲು ಈ ಬೆಟ್ಟವನ್ನು ಆರಿಸಿಕೊಂಡುದರಲ್ಲಿ ಆಶ್ಚರ್ಯವಿಲ್ಲ.

ಚಿಕ್ಕಬಳ್ಳಾಪುರದ ಪಾಳೆಯಗಾರರ ಕೋಟೆಯನ್ನು ಹೈದರಾಲಿ, ಟಿಪ್ಪುಸುಲ್ತಾನರು ಬಲಪಡಿಸಿದರು. ಕೋಟೆಯೊಳಗೆ ಟಿಪ್ಪುವಿನ ಬೇಸಗೆಯ ಅರಮನೆಯಿದೆ. ಕಮಾನುಗಳೂ ಬಣ್ಣದ ಅಲಂಕಾರವೂ ಅದರ ಲಕ್ಷಣ. 1791ರ ಅಕ್ಟೋಬರಿನಲ್ಲಿ ಕೋಟೆ ಆಂಗ್ಲರ ವಶವಾಯಿತು. ಮುಂದೆ, 1834ರಿಂದ 1861ರವರೆಗೆ ಮೈಸೂರಿನ ಕಮೀಷನರಾಗಿದ್ದ ಸರ್ ಮಾರ್ಕ್ ಕಬ್ಬನ್ ಇಲ್ಲಿ ತಮ್ಮ ಬಂಗಲೆಯನ್ನು ಕಟ್ಟಿಸಿದರು. 1800ರಲ್ಲಿ ಭಾರತಕ್ಕೆ ಬಂದ ಅವರು ನಿವೃತ್ತರಾಗಿ ಸ್ವದೇಶಕ್ಕೆ ಹಿಂದಿರುಗುವಾಗ, 1861ರಲ್ಲಿ, ಸೂಯೆಜ್‌ನಲ್ಲಿ ತೀರಿಕೊಂಡರು. ಅವರ ಬಂಗಲೆ ಸ್ವಾತಂತ್ರ್ಯಾನಂತರ ನೆಹರು ನಿಲಯವೆಂದು ಹೆಸರಾಯಿತು. ಕಟ್ಟಡ ಅದೇ, ಹೆಸರು ಬೇರೆ, ಬಳಕೆ ಬೇರೆ. ಗಾಂಧೀಜಿಯವರು 1927ರಲ್ಲಿ ಆರೋಗ್ಯಸುಧಾರಣೆಗಾಗಿ ಈ ಬೆಟ್ಟದ ಮೇಲೆ ತಂಗಿದ್ದರು. 1936ರಲ್ಲಿ ಮತ್ತೆ ಬಂದರು. 1986ರ ಸಾರ್ಕ್ ಸಮ್ಮೇಳನದ ನಾಯಕರೂ ಇಲ್ಲಿ ಸೇರಿದ್ದರು.

ಇನ್ನು ಉದ್ಯಾನದ ಮಾತು. ಬಂಡೆಯ ಬೆಟ್ಟದ ಮೇಲೆ ಹೂದೋಟ ನಿಲ್ಲಬೇಕಾದರೆ ಮಣ್ಣು ಕೊಚ್ಚಿಹೋಗದಂತೆ ತಡೆಯಬೇಕು, ನೀರನ್ನು ಹಿಡಿದಿಡಬೇಕು. ಊಟೆಯ ನೀರಿನಿಂದ ತುಂಬುವ ಅಮೃತ ಸರೋವರ ಇಲ್ಲಿಯ ಮುಖ್ಯ ಜಲಾಶ್ರಯ. ಮನೆ ಒಮ್ಮೆ ಕಟ್ಟಿದರೆ ನಿಲ್ಲುತ್ತದೆ. ತೋಟವಾದರೋ ದಿನದಿನದ ಆರೈಕೆಯಿಂದ ಮಾತ್ರ ಉಳಿಯುತ್ತದೆ. ಆದರೂ ಟಿಪ್ಪು, ಕಬ್ಬನ್, ನೆಹರು ಎಂಬ ಹೆಸರುಗಳಷ್ಟೇ ಈ ಮನೆಗಳಿಗೆ ಅಂಟಿಕೊಂಡಿವೆ. ಕಲ್ಲು ಹೊತ್ತವರೂ ಪಾತಿ ಮಾಡಿದವರೂ ಆ ಹೆಸರುಗಳಲ್ಲಿ ಸೇರಿಲ್ಲ.

ಇದಕ್ಕೆ ಬೇರೊಂದು ದಾರಿಯುಂಟೆಂಬುದನ್ನು ವೇಲ್ಸ್ ದೇಶದ ಎರ್ಡಿಗ್ ಭವನ ತೋರಿಸುತ್ತದೆ. ರೆಕ್ಸಮ್ ಪಟ್ಟಣದ ಬಳಿ 17ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಆ ಮನೆಯ ಒಡೆಯರು 18ನೆಯ ಶತಮಾನದಿಂದ ತಮ್ಮ ಸೇವಕರ ಚಿತ್ರಗಳನ್ನು ಬರೆಯಿಸಿ ಗೋಡೆಗೆ ತೂಗುಹಾಕಿದರು. 1973ರಲ್ಲಿ ಭವನವು ನ್ಯಾಷನಲ್ ಟ್ರಸ್ಟಿಗೆ ಸೇರಿತು. ಒಡೆಯನೊಡನೆ ಅಡುಗೆಯವನನ್ನೂ ತೋಟಗಾರನನ್ನೂ ನೋಡುಗರು ಇಂದು ಅಲ್ಲಿ ಕಾಣಬಲ್ಲರು.

ನಮ್ಮಲ್ಲಿ ಅಂಥ ಚಿತ್ರಶಾಲೆಯಿಲ್ಲದಿರಬಹುದು, ನೆನಪುಗಳುಂಟು. ನಂದಿಗ್ರಾಮ ಮತ್ತು ಸುತ್ತಣ ಹಳ್ಳಿಗಳಲ್ಲಿ, ಬೆಟ್ಟದ ತೋಟದಲ್ಲಿ ದುಡಿದ ಹಿರಿಯರನ್ನು ವಿದ್ಯಾರ್ಥಿಗಳು ಕಂಡು, ಕೇಳಿದುದನ್ನು ಬರೆದಿಡಬೇಕು. ಅಧ್ಯಾಪಕರು ಕಟ್ಟಡಗಳ ಅಳತೆಯನ್ನು ತೆಗೆಸಬೇಕು. ದುರಸ್ತಿಯ ಸುಣ್ಣದ ಅಡಿಯಲ್ಲಿ ಹಳೆಯ ಗೋಡೆ ಮರೆಯಾಗುವಂತೆ, ಹಿರಿಯರೊಡನೆ ಅವರ ನೆನಪೂ ಮರೆಯಾಗುತ್ತದೆ. ಗೋಡೆಯನ್ನು ಮತ್ತೆ ಕೆರೆದು ನೋಡಬಹುದು. ನೆನಪನ್ನು ಹಾಗೆ ತೆಗೆಯಲಾಗದು.