ಎಳೆ ಎಣಿಸಿ ಕಟ್ಟುವ ಗೋಪುರ

ಮಕ್ಕಳೇ, ಸ್ವೆಟರ್ ಹೆಣೆಯುವುದು ನನಗೆ ನೀರು ಕುಡಿದಷ್ಟು ಸಲೀಸು. ಆದರೆ ನಮ್ಮ ಧಾರವಾಡ ಕಡೆಯದೇ ಆದ ಕಸೂತಿ ಬರುತ್ತಿರಲಿಲ್ಲ. ಅವ್ವನ ಕಪ್ಪು ಚಂದ್ರಕಾಳಿ ಸೀರೆಯ ಸೆರಗು ಸವೆಯತೊಡಗಿದಾಗ, 68ನೇ ವಯಸ್ಸಿನಲ್ಲಿ ನಮ್ಮ ಓಣಿಯ ಕಸೂತಿ ತರಗತಿಗೆ ಸೇರಿದೆ. ಆರನೇ ಇಯತ್ತೆಯ ಮೊಮ್ಮಗಳೂ ಜೊತೆಗೆ ಬಂದಳು.

ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿಯೇ ಸೂಜಿ ಹಾಕಬೇಕು. ದಾರಕ್ಕೆ ಗಂಟು ಕೂಡದು. ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು.

ಹೊಲಿಗೆಗಳು 4. ಗವಂತಿಯಲ್ಲಿ ಜಾಗ ಬಿಟ್ಟು ಬಿಟ್ಟು ಹೊಲಿಯುತ್ತ ಹೋಗಿ, ಮರಳುವಾಗ ಆ ಜಾಗ ತುಂಬಬೇಕು. ಮುರ್ಗಿಯೂ ಹಾಗೆಯೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಇವೆರಡರಲ್ಲೂ ಬಟ್ಟೆಯ ಮುಂದೂ ಹಿಂದೂ ಒಂದೇ ಚಿತ್ರ! ನೇಗಿ, ಮಗ್ಗದಲ್ಲಿ ನೇಯ್ದಂತೆ ಕಾಣುತ್ತದೆ. ಮೆಂತಿಯಲ್ಲಿ ದಾರ ಒಂದರ ಮೇಲೊಂದು ಅಡ್ಡ ಹಾಯುತ್ತದೆ.

ಕಪ್ಪು ಬಟ್ಟೆಯ ಎಳೆ ನನ್ನ ಕಣ್ಣಿಗೆ ಕಾಣದು. ದಾರವನ್ನು ಎಷ್ಟು ಬಿಗಿಯಬೇಕೆಂದು ಮೊಮ್ಮಗಳಿಗೆ ತಿಳಿಯದು. ಹಾಗಾಗಿ ಅವಳು ಎಣಿಸುತ್ತಾಳೆ, ನಾನು ಹೊಲಿಯುತ್ತೇನೆ. "ಅಜ್ಜಿ, ಇನ್ನೆರಡು ಎಳಿ ಬಿಡು" ಎಂದು ಅವಳೇ ನನಗೆ ಅಕ್ಕೋರು!

ಸೆರಗಿನ ಗೋಪುರ, ಆನೆ, ತುಳಸಿಕಟ್ಟೆಗಳ ಲೆಕ್ಕ ಅವ್ವನ ಬೆರಳಲ್ಲಿತ್ತು, ಎಲ್ಲೂ ಬರೆದಿರಲಿಲ್ಲ. ಸೀರೆ ಹರಿದರೆ ಅದೂ ಹೋಗುತ್ತಿತ್ತು. ಈಗ ಒಂದೊಂದನ್ನೂ ಎಣಿಸಿ ಚೌಕುಳಿ ಹಾಳೆಯ ಮೇಲೆ ಇಳಿಸುತ್ತಿದ್ದೇವೆ. ಗೋಪುರ ಮುಗಿದಿದೆ, ಆನೆ ಅರ್ಧವಾಗಿದೆ.

ನಿಮ್ಮ ಮನೆಯಲ್ಲೂ ಕಸೂತಿ ಸೀರೆಯಿದ್ದರೆ, ಅಜ್ಜಿಯನ್ನು ಕೇಳಿ ಸೆರಗು ತಿರುವಿ ನೋಡಿ. ಒಂದಾದರೂ ಗಂಟು ಸಿಕ್ಕೀತೇ?