ಕಾದ ಇಂಜಿನ್ನೂ ಸುಡುವ ಉಗಿಯೂ

ನಾಗಪುರದ ಬೇಸಿಗೆಯ ವಿಚಾರವನ್ನು ಇಲ್ಲಿಯ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2013ರ ಮೇ 23ರಂದು ಇಲ್ಲಿ 47.9 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಗಿತ್ತು. ಇಂತಹ ಊರಿನಲ್ಲಿ ಮನುಷ್ಯನಂತೆ ಮೋಟಾರಿಗೂ ಬಿಸಿಲಿನ ಬಾಧೆ ತಪ್ಪಿದ್ದಲ್ಲ.

ಕಳೆದ ಮೇ ತಿಂಗಳಲ್ಲಿ ನಾವು ಸಕುಟುಂಬವಾಗಿ ರಾಮಟೇಕಿಗೆ ಹೊರಟಿದ್ದೆವು. ಕಾಮಠಿಯ ವಾಹನಸಂದಣಿಯಲ್ಲಿ ಕಾರು ಬಹಳ ಹೊತ್ತು ತೆವಳಿತು. ಉಷ್ಣಮಾಪಕದ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಉಗಿ ಹೊರಟಿತು. ಕಾರನ್ನು ಬದಿಗೆ ನಿಲ್ಲಿಸಿ ಇಂಜಿನ್ನನ್ನು ಆರಿಸಿ, ಮಕ್ಕಳನ್ನು ಮರದ ನೆರಳಿಗೆ ಕಳುಹಿಸಿದೆ. "ಭಾವ, ರೇಡಿಯೇಟರಿನ ಮುಚ್ಚಳ ತೆಗೆದು ತಣ್ಣೀರು ಹೊಯ್ದುಬಿಡಲೇ?" ಎನ್ನುತ್ತ ಭಾವಮೈದುನನು ಬಟ್ಟೆ ಹಿಡಿದು ಮುಂದಾದನು. ಅವನ ಕೈಯನ್ನು ಹಿಡಿದು ನಿಲ್ಲಿಸಿದೆ. ಈ ಲೇಖನಕ್ಕೆ ಆ ಕ್ಷಣವೇ ಕಾರಣ.

ರೇಡಿಯೇಟರು ನಮ್ಮ ಅಡಿಗೆಮನೆಯ ಪ್ರೆಷರ್ ಕುಕ್ಕರಿನ ದಾಯಾದಿ. ಒತ್ತಡದಿಂದಾಗಿ ಅದರೊಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದೊಡನೆ ಒತ್ತಡವಿಳಿದು, ಒಮ್ಮೆಲೇ ಕುದಿದು ಮುಖಕ್ಕೆ ಎರಚುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಹೊಯ್ದರೆ ಲೋಹವೂ ಬಿರಿಯಬಹುದು. ಪೂರ್ತಿ ಆರುವ ತನಕ ಕಾಯಬೇಕು. ಅವಸರದವರಿಗೆ ಇದು ಕಷ್ಟ, ನಾನೇ ಬಲ್ಲೆ. ಯಾರಾದರೂ ಸುಟ್ಟುಕೊಂಡರೆ ಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಸಿ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಟೂತ್‌ಪೇಸ್ಟು, ಬೆಣ್ಣೆ, ಮಂಜುಗಡ್ಡೆ ಯಾವುದೂ ಸಲ್ಲದು.

ಕಾರು ಆರಿದ ಮೇಲೆ ನೋಡಿದರೆ ದ್ರವ ತುಸುವೇ ಕಡಿಮೆಯಾಗಿತ್ತು, ಸೋರಿಕೆ ಕಾಣಲಿಲ್ಲ. ಇಂಜಿನ್ನನ್ನು ಚಾಲೂ ಮಾಡಿದಾಗ ಮುಳ್ಳು ಏರಿದರೂ ಫ್ಯಾನು ತಿರುಗಲಿಲ್ಲ. ಫ್ಯೂಸು ಸುಟ್ಟಿತ್ತು. ಅದೇ ಅಳತೆಯ ಬೇರೆಯದನ್ನು ಹಾಕಿದರೆ ಅದೂ ಸುಟ್ಟಿತು. ಫ್ಯಾನಿನ ಮೋಟಾರೇ ಕೆಟ್ಟಿದೆಯೆಂದು ಮೆಕ್ಯಾನಿಕ್ಕು ತೋರಿಸಿಕೊಟ್ಟನು. ವಾರದಿಂದಲೂ ಕಾರು ಹೆದ್ದಾರಿಯಲ್ಲಿ ತಣ್ಣಗಿದ್ದು ಸಿಗ್ನಲ್ಲುಗಳಲ್ಲಿ ಮಾತ್ರ ಕಾಯುತ್ತಿದ್ದುದು ಫ್ಯಾನಿನ ದೋಷದ್ದೇ ಲಕ್ಷಣ. ಬ್ಯಾಂಕಿನಲ್ಲಿ ಒಂದು ರೂಪಾಯಿಯ ವ್ಯತ್ಯಾಸವನ್ನೂ ಬಿಡದ ನಾನು ಇದನ್ನು ಬಿಟ್ಟಿದ್ದೆ! ಓಡುವಾಗಲೂ ಕಾದರೆ ಕಟ್ಟಿಕೊಂಡ ರೇಡಿಯೇಟರು, ತೆರೆಯದ ಥರ್ಮೋಸ್ಟಾಟು ಅಥವಾ ನೀರಿನ ಪಂಪನ್ನು ಶಂಕಿಸಬೇಕು. ಸೋರಿಕೆಯಿಲ್ಲದೆ ದ್ರವ ಕಡಿಮೆಯಾಗುತ್ತ, ಹೊಗೆಕೊಳವೆ ಬಿಡದೆ ಬೆಳ್ಳನೆಯ ಹೊಗೆ ಉಗುಳಿದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವುಂಟು. ಅಂತಹ ಕಾರನ್ನು ಓಡಿಸದೆ ಎಳೆಸಿಕೊಂಡು ಹೋಗುವುದೇ ಲೇಸು.

ಅಂದು ರಾಮಟೇಕಿನ ದರ್ಶನವಾಗಲಿಲ್ಲ. ಹೊಸ ಮೋಟಾರಿನೊಡನೆ ಕೂಲೆಂಟನ್ನೂ ಬದಲಿಸಿದೆವು. ಎಥಿಲೀನ್ ಗ್ಲೈಕಾಲ್ ಇರುವ ಆ ದ್ರವದ ರುಚಿ ಸಿಹಿ, ಆದರೆ ಅದು ವಿಷ. ಉಳಿದ ಡಬ್ಬವನ್ನು ಮಕ್ಕಳ ಕೈಗೆಟುಕದಂತೆ ಅಟ್ಟದ ಮೇಲಿಟ್ಟಿದ್ದೇನೆ.